ನಾಯಿಯ ಊಟ, ಪರದೇಶದ ಚೀಲ ಮತ್ತು ನಮ್ಮ ಕಣ

(ಶಿರಗುಪ್ಪಿಯಲ್ಲಿ ಜರುಗಿದ ರೈತರ ಸಭೆಯಲ್ಲಿ ನೀಡಿದ ಉಪನ್ಯಾಸ)



ಇಂದಿನ ವಿಷಯ ಕೇಳಿ ಕೆಲವರಿಗೆ ನಗು ಬಂದಿರಬಹುದು. ಶೇಂಗಾ, ಹೆಸರು, ಗೋವಿನಜೋಳಗಳ ಬಗ್ಗೆ ಹೇಳಬೇಕಾದ ಬೇಸಾಯಶಾಸ್ತ್ರದ ಮೇಷ್ಟ್ರು ನಾಯಿಯ ಊಟದ ಬಗ್ಗೆ ಏಕೆ ಮಾತನಾಡುತ್ತಾನೆ ಎಂಬ ಪ್ರಶ್ನೆ ಸಹಜವೇ. ನಾನು ನಾಯಿಯ ವೈದ್ಯನಲ್ಲ. ಆದರೆ ಹುಬ್ಬಳ್ಳಿಯ ಅಂಗಡಿಗಳಲ್ಲಿ ಇಂದು ಚೀಲ, ಡಬ್ಬಿಗಳಲ್ಲಿ ದೊರೆಯುವ ನಾಯಿಯ ಆಹಾರವನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ಗೋವಿನಜೋಳ, ಗೋದಿ, ಅಕ್ಕಿ, ಸೋಯಾ ಹಿಂಡಿ, ಕೋಳಿಯ ಮಾಂಸದ ಪುಡಿ ಮತ್ತು ಕೊಬ್ಬು. ಮುಕ್ಕಾಲು ಪಾಲು ಹೊಲದಿಂದ ಬಂದ ಮಾಲೇ. ಹೊಲದಲ್ಲಿ ಮತ್ತು ಕಣದಲ್ಲಿ ಕಾಳಿಗೆ ಆದ ಕೇಡು ಚೀಲದ ಒಳಗೂ ಹೋಗುತ್ತದೆ. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ಪಟ್ಟಣದಲ್ಲಿ ನೌಕರಿ ಮಾಡುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಮನೆಯ ನಾಯಿಗೆಂದು ಪರದೇಶದ ತಿಂಡಿಯ ಪೊಟ್ಟಣ ತರುವುದು ಈಗ ಹೊಸದಲ್ಲ. ದುಬಾರಿಯಾದ್ದರಿಂದ ಅದು ಶುದ್ಧವಾಗಿರುತ್ತದೆಂದು ನಂಬುತ್ತೇವೆ. ಇತ್ತ ನಮ್ಮ ಕಣದಲ್ಲಿ ಬೂಷ್ಟು ಹಿಡಿದ ಗೋವಿನಜೋಳ ಉಳಿದರೆ 'ಜನಕ್ಕೆ ಬ್ಯಾಡ, ನಾಯಿಗೆ ಹಾಕು' ಎನ್ನುತ್ತೇವೆ. ನನ್ನ ಅಭಿಪ್ರಾಯದಲ್ಲಿ ಎರಡೂ ತಪ್ಪು ತಿಳುವಳಿಕೆಗಳು.

ಮೊದಲು ಪರದೇಶದ ಮಾಲಿನ ಕಥೆ ನೋಡೋಣ. 2007ರ ಮಾರ್ಚ್ ತಿಂಗಳಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಒಂದೇ ತಯಾರಕರು ಸುಮಾರು 6 ಕೋಟಿ ಡಬ್ಬಿ ಮತ್ತು ಪೊಟ್ಟಣಗಳನ್ನು ಅಂಗಡಿಗಳಿಂದ ಹಿಂದಕ್ಕೆ ಕರೆಸಬೇಕಾಯಿತು. ಪರೀಕ್ಷಿಸಿ ನೋಡಲಾಗಿ, ಚೀನಾದಿಂದ ತರಿಸಿದ್ದ ಗೋದಿಯ ಪ್ರೋಟೀನಿನಲ್ಲಿ ಮೆಲಮೈನ್ ಎಂಬ ರಾಸಾಯನಿಕ ಬೆರೆತಿತ್ತು. ಪ್ಲಾಸ್ಟಿಕ್ ತಟ್ಟೆ ತಯಾರಿಸಲು ಬಳಸುವ ವಸ್ತು ಇದು. ಹೆಸರಿಗೆ ಗೋದಿಯ ಪ್ರೋಟೀನು, ಇದ್ದದ್ದು ಬರೀ ಗೋದಿ ಹಿಟ್ಟು.

ಮೆಲಮೈನನ್ನು ಏಕೆ ಬೆರೆಸಿದರು ಎಂಬುದನ್ನು ಯೂರಿಯಾ ಚೀಲ ಹೊತ್ತ ರೈತರಿಗೆ ತಿಳಿಸುವುದು ಸುಲಭ. ಆಹಾರದಲ್ಲಿ ಪ್ರೋಟೀನು ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕ ಇರುವುದು ನಿಮಗೆ ಗೊತ್ತು. ಮೆಲಮೈನಿನಲ್ಲಿ ಅದು ಶೇಕಡಾ 66ಕ್ಕೂ ಹೆಚ್ಚು. ಒಂದು ಕ್ವಿಂಟಲ್ ಹಿಟ್ಟಿಗೆ ಒಂದು ಕಿಲೋ ಮೆಲಮೈನ್ ಹಾಕಿದರೆ ಕಾಗದದ ಮೇಲೆ ಪ್ರೋಟೀನು ನಾಲ್ಕು ಕಿಲೋ ಏರಿದಂತೆ ಕಾಣುತ್ತದೆ. ತಿಂದ ಪ್ರಾಣಿಗೆ ಒಂದು ಗುಂಜಿಯಷ್ಟೂ ದೊರೆಯುವುದಿಲ್ಲ. ಅದರ ಬದಲು ಮೆಲಮೈನ್ ತನ್ನ ಜೊತೆಗಾರ ರಾಸಾಯನಿಕವಾದ ಸಯನ್ಯೂರಿಕ್ ಆಮ್ಲದೊಡನೆ ಕೂಡಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. 2004ರಲ್ಲಿ ಏಷ್ಯಾದ ಕೆಲವು ದೇಶಗಳಲ್ಲಿ ಸಾವಿರಾರು ನಾಯಿಗಳು ಮೂತ್ರಪಿಂಡದ ರೋಗಕ್ಕೆ ತುತ್ತಾಗಿದ್ದವು. ಆಗ ಕಾರಣ ಗೊತ್ತಾಗಿರಲಿಲ್ಲ. ಕಾದಿಟ್ಟಿದ್ದ ಅಂಗಾಂಶಗಳನ್ನು 2007ರ ನಂತರ ಪರೀಕ್ಷಿಸಿದಾಗ ಅದೇ ಹರಳುಗಳು ಕಂಡವು. ನಾಯಿಗಳ ಸಾವನ್ನು ನೋಡಿಯೂ ಎಚ್ಚರವಾಗದ್ದರಿಂದ 2008ರಲ್ಲಿ ಚೀನಾದ ಮಕ್ಕಳ ಹಾಲಿನ ಪುಡಿಯಲ್ಲಿಯೂ ಅದೇ ಮೆಲಮೈನ್ ಕಾಣಿಸಿಕೊಂಡಿತು. ಸುಮಾರು 3 ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಆರು ಕೂಸುಗಳು ತೀರಿಕೊಂಡವು. ನಮ್ಮ ಸರಕಾರವು ಆ ವರ್ಷದ ಸೆಪ್ಟೆಂಬರದಲ್ಲಿ ಚೀನಾದ ಹಾಲಿನ ಪದಾರ್ಥಗಳ ಆಮದನ್ನು ನಿಷೇಧಿಸಿ, ಮುಂದೆ ಆ ನಿಷೇಧವನ್ನು ಹಲವು ಸಲ ಮುಂದುವರಿಸಿತು.

ಎರಡನೆಯದು ಒಣಗಿಸಿದ ಕೋಳಿ ಮಾಂಸದ ಪಟ್ಟಿಗಳು. ನಾಯಿಯನ್ನು ಮುದ್ದು ಮಾಡಲು ಕೊಡುವ ತಿಂಡಿ ಇದು. ಇವುಗಳ ಬಗ್ಗೆ, ಅದರಲ್ಲೂ ಚೀನಾದಿಂದ ಬಂದವುಗಳ ಬಗ್ಗೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ 2007ರಿಂದ 2015ರ ಡಿಸೆಂಬರದವರೆಗೆ ಸುಮಾರು 5,200 ದೂರುಗಳು ಬಂದವು. ಕಾಯಿಲೆಯಾದ ನಾಯಿಗಳು 6,200ಕ್ಕೂ ಹೆಚ್ಚು, ಸತ್ತವು 1,140ಕ್ಕೂ ಹೆಚ್ಚು. ವರ್ಷಗಟ್ಟಲೆ ಪರೀಕ್ಷೆ ನಡೆಸಿದರೂ ಒಂದೇ ಒಂದು ಖಚಿತ ಕಾರಣವನ್ನು ಅವರಿಗೆ ಹೇಳಲಾಗಲಿಲ್ಲ. ಹಂದಿಯ ಕಿವಿಯನ್ನು ಒಣಗಿಸಿ ಮಾಡಿದ ಅಗಿಯುವ ತಿಂಡಿಯಿಂದಲಂತೂ 2019ರಲ್ಲಿ ಅಮೆರಿಕದ 34 ರಾಜ್ಯಗಳಲ್ಲಿ 154 ಮಂದಿಗೆ, ನಾಯಿಗಳಿಗಲ್ಲ, ಮನುಷ್ಯರಿಗೆ, ಸಾಲ್ಮೊನೆಲ್ಲಾ ರೋಗಾಣು ತಗುಲಿತು. ಇಂಥ ತಿಂಡಿ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಸಣ್ಣ ಮಕ್ಕಳ ಕೈಗಂತೂ ಕೊಡಲೇಬಾರದು.

ಇನ್ನು ನಮಗೆ ಹತ್ತಿರದ ಮಾತಿಗೆ ಬರುತ್ತೇನೆ. 2005ರ ಡಿಸೆಂಬರದಲ್ಲಿ ಮತ್ತು 15 ವರ್ಷಗಳ ನಂತರ 2020ರ ಡಿಸೆಂಬರದಲ್ಲಿ, ಅಮೆರಿಕದಲ್ಲಿ ಎರಡು ಸಲ ನಾಯಿಗಳು ಆಹಾರದಿಂದ ಗುಂಪುಗುಂಪಾಗಿ ಸತ್ತವು. ಪ್ರತಿ ಸಲವೂ ನೂರಕ್ಕೂ ಹೆಚ್ಚು. ಇಲ್ಲಿ ಯಾರೂ ಏನನ್ನೂ ಬೆರೆಸಿರಲಿಲ್ಲ. ಬೂಷ್ಟು ಹಿಡಿದ ಗೋವಿನಜೋಳ ಗಿರಣಿಯನ್ನು ಸೇರಿತ್ತು. ಅದರಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷ ನಾಯಿಗಳ ಯಕೃತ್ತನ್ನು ಕೊಂದಿತು. ಅಲ್ಲಿ ನಾಯಿಯ ಆಹಾರದಲ್ಲಿ ಈ ವಿಷಕ್ಕೆ ಇರುವ ಮಿತಿ ನೂರು ಕೋಟಿ ಭಾಗಕ್ಕೆ 20 ಭಾಗ. ಲೆಕ್ಕ ಹಾಕಿ ನೋಡಿ: ಒಂದೇ ಒಂದು ಗ್ರಾಂ ವಿಷ 500 ಕ್ವಿಂಟಲ್ ಕಾಳಿನಲ್ಲಿ ಸಮವಾಗಿ ಬೆರೆತರೆ ಈ ಮಿತಿ ಮುಟ್ಟುತ್ತದೆ. 2020ರ ಮಾಲಿನ ಕೆಲವು ಮಾದರಿಗಳಲ್ಲಿ ಇದು 558ರವರೆಗೆ ಇತ್ತು.

ಈ ವಿಷದ ಇತಿಹಾಸದಲ್ಲಿ ನಾಯಿ ಮೊದಲಿನಿಂದಲೂ ಮುಂದಿದೆ. 1950ರ ದಶಕದ ಆರಂಭದಲ್ಲಿಯೇ ಅಮೆರಿಕದ ಆಗ್ನೇಯ ಭಾಗದಲ್ಲಿ ನಾಯಿಗಳಿಗೆ ಕಾರಣ ತಿಳಿಯದ ಯಕೃತ್ತಿನ ರೋಗ ಬಂದಿತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತ ಮೇಲೆ, ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಯಲ್ಲಿ ಈ ವಿಷವನ್ನು ಗುರುತಿಸಿ, ಅದನ್ನು ಉಂಟುಮಾಡುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದಿಂದ ಹೆಸರು ಕೊಟ್ಟರು. ಬಳಿಕ ನೋಡಿದರೆ ಆ ನಾಯಿಗಳ ರೋಗವೂ ಇದೇ. ನಮ್ಮಲ್ಲಿ 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ಶೇಂಗಾ ಹಿಂಡಿಯಿಂದ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತವು. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ ಬೆಳೆಯ ಮೇಲೆ ಅಕಾಲಿಕ ಮಳೆ ಬಿದ್ದು ಬೂಷ್ಟು ಹಿಡಿದ ಗೋವಿನಜೋಳವನ್ನು ಉಂಡು 397 ಮಂದಿ ಕಾಮಾಲೆ ಮತ್ತು ಹೊಟ್ಟೆ ಊತದಿಂದ ನರಳಿದರು, 106 ಮಂದಿ ಸತ್ತರು. ಆ ಹಳ್ಳಿಗಳಲ್ಲಿ ಅದೇ ಊಟದ ಪಾಲು ತಿಂದ ನಾಯಿಗಳಿಗೂ ಅದೇ ರೋಗ ಬಂದಿತ್ತು. ಹಾಕಿದ್ದನ್ನು ತಿನ್ನುವ ಪ್ರಾಣಿ, ಮೇಲಾಗಿ ಈ ವಿಷಕ್ಕೆ ಬಹು ಬೇಗ ಬಲಿಯಾಗುವ ಪ್ರಾಣಿ. ಹೀಗಿರುವಾಗ ನಾಯಿಗೆ ಏನು ಹಾಕಿದರೂ ನಡೆದೀತು ಎನ್ನುವುದು ಹೇಗೆ?

ಪರದೇಶದ ಮಾಲು ಎಂದರೆ ನಾವು ಬೇರೆಯವರ ಕಡೆ ಬೆರಳು ತೋರಿಸುತ್ತೇವೆ. ಯುರೋಪಿನವರ ಪಾಲಿಗೆ ನಮ್ಮ ಶೇಂಗಾ ಹಿಂಡಿಯೇ ಪರದೇಶದ ಮಾಲು. ಅವರು ಅಫ್ಲಾಟಾಕ್ಸಿನಿನ ಮಿತಿಯನ್ನು ಬಿಗಿಗೊಳಿಸಿದಂತೆ ಪೆಟ್ಟು ಬಿದ್ದದ್ದು ನಮ್ಮ ರಫ್ತಿಗೆ.

ಇಲ್ಲಿ ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು. ಆ ದೇಶಗಳಲ್ಲಿ ಚೀಲದ ಮೇಲೆ ತಂಡದ ಸಂಖ್ಯೆ ಇರುತ್ತದೆ. ಕೆಟ್ಟದ್ದು ಗೊತ್ತಾದ ದಿನವೇ ಆ ಸಂಖ್ಯೆಯ ಮಾಲನ್ನು ಹಿಂದಕ್ಕೆ ಕರೆಸಲು ಬರುತ್ತದೆ. ಪೇಟೆಯಿಂದ ನಾವು ಬಿಡಿಯಾಗಿ ತರುವ ಹಿಂಡಿಗೆ ಯಾವ ಸಂಖ್ಯೆ ಇದೆ? ಅದನ್ನು ಯಾರು ಹಿಂದಕ್ಕೆ ಕರೆಸಬೇಕು? ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲಿ ಈ ವಿಷದ ಒಂದು ಸಣ್ಣ ಪಾಲು ರೂಪ ಬದಲಿಸಿ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ, ಅಂದರೆ ಶೇಕಡಾ 5.7ರಷ್ಟರಲ್ಲಿ, ಇದು ಮಿತಿ ಮೀರಿತ್ತು. ನೀರು ಬೆರೆಸಿದ ಹಾಲಿನ ಬಗ್ಗೆ ಜಗಳವಾಡುವ ನಾವು ಇದರ ಬಗ್ಗೆ ಮಾತನಾಡುವುದು ಕಡಿಮೆ. ಕಾಯಿಸಿದರೆ ಈ ವಿಷ ಹೋಗುವುದಿಲ್ಲ. ಕಾಳನ್ನು ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕೆಲಸ ಹೊಲದಿಂದಲೇ ಆರಂಭವಾಗಬೇಕು. ಶೇಂಗಾ ಕಾಯಿ ಬಲಿಯುವ ಕೊನೆಯ ನಾಲ್ಕಾರು ವಾರಗಳಲ್ಲಿ ಮಳೆ ಕೈಕೊಟ್ಟು ಭೂಮಿ ಕಾದರೆ ಶಿಲೀಂಧ್ರ ಮಣ್ಣಿನಲ್ಲಿಯೇ ಕಾಯಿಯ ಒಳಗೆ ಸೇರುತ್ತದೆ. ನೀರಿನ ಅನುಕೂಲವಿದ್ದವರು ಆ ಸಮಯದಲ್ಲಿ ಒಂದು ನೀರು ಕೊಡುವುದು ಲಾಭದಾಯಕ. ಗೆದ್ದಲು, ಗೊಣ್ಣೆಹುಳು ಕಡಿದ ಕಾಯಿಗಳನ್ನು ಬೇರೆ ಮಾಡಬೇಕು. ಬಳ್ಳಿ ಕಿತ್ತ ಮೇಲೆ ಕಾಯಿ ಮೇಲೆ ಮಾಡಿ ಒಣಗಿಸಬೇಕು. ಹೊಲದಲ್ಲಿ ಉಳಿದು, ಮಳೆ ನೆನೆದು, ಆಮೇಲೆ ಆಯ್ದು ತಂದ ಕಾಯಿಗಳನ್ನು ಒಳ್ಳೆಯ ರಾಶಿಗೆ ಸೇರಿಸಲೇಬಾರದು. ಈ ಒಂದು ಬುಟ್ಟಿ ಇಡೀ ರಾಶಿಯನ್ನು ಕೆಡಿಸಬಲ್ಲದು. ಯಂತ್ರದಲ್ಲಿ ಒಡೆಸುವ ಮುನ್ನ ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿ ಕೆಲವು ಕಡೆ ಇದೆ. ಕಾಳು ಒಡೆಯದಿರಲೆಂದು ಮಾಡುತ್ತಾರೆ, ತೂಕವೂ ಬರುತ್ತದೆ. ಆದರೆ ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಇನ್ನೊಂದಿಲ್ಲ. ಶೇಂಗಾ ಕಾಯಿಯ ತೇವ ಶೇಕಡಾ 8ಕ್ಕೆ ಇಳಿದಿರಬೇಕು.

ಗೋವಿನಜೋಳದ ಕಷ್ಟ ಬೇರೆ. ನಮ್ಮ ಎರೆ ಭೂಮಿಯ ಸೀಮೆಯಲ್ಲಿ ತೆನೆ ಮುರಿಯುವ ಕಾಲಕ್ಕೆ ಸರಿಯಾಗಿ ಮಳೆ ಬರುವುದುಂಟು. ರಾಶಿಯ ಮೇಲೆ ತಾಡಪತ್ರಿ ಹೊದಿಸಿ ನಾಲ್ಕು ದಿನ ಬಿಟ್ಟರೆ ಒಳಗೆ ಕಾಳು ಬೆವರುತ್ತದೆ. ಮಳೆ ನಿಂತ ಕೂಡಲೆ ತಾಡಪತ್ರಿ ತೆಗೆದು ರಾಶಿಯನ್ನು ಹರವಬೇಕು. ತೇವ ಪರೀಕ್ಷೆಗೆ ಯಂತ್ರವಿಲ್ಲದವರು ಒಂದು ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಕಾಳು, ಎರಡು ಚಮಚೆ ಚೆನ್ನಾಗಿ ಒಣಗಿಸಿದ ಉಪ್ಪು ಹಾಕಿ ಅಲುಗಾಡಿಸಿ ಸ್ವಲ್ಪ ಹೊತ್ತು ಇಡಲಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇಕಡಾ 15ಕ್ಕಿಂತ ಹೆಚ್ಚು ಎಂದು ತಿಳಿಯಬೇಕು. ಅಂಟದಿದ್ದರೂ ಇನ್ನೆರಡು ಬಿಸಿಲು ತೋರಿಸುವುದು ಮೇಲು, ಏಕೆಂದರೆ ಕೂಡಿಡಲು ಬೇಕಾದದ್ದು 12. ಹಳೆಯ ಹಗೇವಿನಲ್ಲಿ ತುಂಬುವವರು ಗೋಡೆ ಬೆವರುತ್ತದೆಯೇ ಎಂದು ನೋಡಿಯೇ ತುಂಬಬೇಕು.

ಇನ್ನು ನಾಯಿಯ ಬಟ್ಟಲು. ಕುರಿ ಕಾಯುವವರು ಮುಧೋಳ ನಾಯಿಯನ್ನು ತಲೆಮಾರುಗಳಿಂದ ಜೋಳದ ರೊಟ್ಟಿ, ನುಚ್ಚು, ಹಾಲು ಹಾಕಿಯೇ ಸಾಕಿದ್ದಾರೆ. ಬೀದರ ಪಶುವೈದ್ಯ ವಿಶ್ವವಿದ್ಯಾಲಯವು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿ ಒಂದು ಕೇಂದ್ರವನ್ನು ನಡೆಸುತ್ತಿದೆ. ಮನೆಯಲ್ಲಿ ಮನುಷ್ಯರು ಉಣ್ಣುವ ಹಸನಾದ ಕಾಳಿನ ಅಡಿಗೆ, ಮೊಟ್ಟೆ, ಎಲುಬಿಲ್ಲದ ಬೇಯಿಸಿದ ಮಾಂಸ ಸಿಕ್ಕರೆ ಊರಿನ ನಾಯಿಗೆ ಪರದೇಶದ ಪೊಟ್ಟಣದ ಅವಶ್ಯಕತೆ ನನಗಂತೂ ಕಾಣುವುದಿಲ್ಲ. ಉಳ್ಳಾಗಡ್ಡಿ, ಚಾಕೊಲೇಟ್, ದ್ರಾಕ್ಷಿ ಹಾಕಬಾರದು. ಪೊಟ್ಟಣವನ್ನೇ ಕೊಳ್ಳುವವರು ಭಾರತದಲ್ಲಿಯ ಆಮದುದಾರರ ಹೆಸರು ಮತ್ತು ವಿಳಾಸ ಮುದ್ರಿತವಾಗಿದೆಯೇ ಎಂದು ನೋಡಬೇಕು. ಪ್ರಾಣಿಜನ್ಯ ಪದಾರ್ಥಗಳಿರುವ ಇಂಥ ಆಹಾರವನ್ನು ತರಿಸಲು ಕೇಂದ್ರ ಪಶುಸಂಗೋಪನಾ ಇಲಾಖೆಯ ಪರವಾನಗಿ ಬೇಕು. ಯಾರದೋ ಪೆಟ್ಟಿಗೆಯಲ್ಲಿ ಬಂದು ಅಂಗಡಿ ಸೇರಿದ ಮಾಲಿಗೆ ಆ ತಪಾಸಣೆ ಆಗಿರುವುದಿಲ್ಲ. ದೊಡ್ಡ ಚೀಲ ಬಿಚ್ಚಿ ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಮಾರುವುದನ್ನು ಕೊಳ್ಳಬೇಡಿರಿ. ಮಳೆಗಾಲದಲ್ಲಿ ಅದಕ್ಕೂ ನಮ್ಮ ಕಣದ ಗತಿಯೇ.

ನಾಯಿ ಊಟ ಬಿಟ್ಟು ಮಂಕಾಗಿ, ವಾಂತಿ ಮಾಡಿ, ಕಣ್ಣು, ವಸಡುಗಳು ಹಳದಿಯಾಗಿ, ಮಲ ಕಪ್ಪಗೆ ಅಥವಾ ರಕ್ತಮಿಶ್ರಿತವಾಗಿ ಹೋದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರ ಕಡೆ ಒಯ್ಯಬೇಕು. ಈ ವಿಷಕ್ಕೆ ಪ್ರತಿವಿಷವಿಲ್ಲ, ಬೇಗ ಬಂದರೆ ಆರೈಕೆಯಿಂದ ಉಳಿಸಬಹುದು. ತಿಂದ ಆಹಾರವನ್ನು ಚೆಲ್ಲಬೇಡಿರಿ, ಅದನ್ನು ಚೀಲದ ಸಮೇತ ತೆಗೆದಿಡಿರಿ. ಕಣದ ಕಾಳಿನ ಬಗ್ಗೆ ಸಂಶಯವಿದ್ದರೂ ಅಷ್ಟೆ. ಪ್ರಯೋಗಾಲಯಕ್ಕೆ ಕಳಿಸುವಾಗ ಮೇಲಿನ ಒಂದು ಹಿಡಿ ಸಾಲದು. ಸಾವಿರ ಕಾಳಿನಲ್ಲಿ ಒಂದರಲ್ಲಿಯೇ ಎಲ್ಲ ವಿಷ ತುಂಬಿರಬಹುದು. ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಕೂಡಿಸಿ ಕಲಸಿ, ಅದರಿಂದ ಒಂದು ಕಿಲೋ ಅಳೆದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯದೆ ಅರಿವೆಯ ಚೀಲದಲ್ಲಿ ಕಟ್ಟಿ, ಕೊಂಡ ಮಾಲಾದರೆ ಅಂಗಡಿಯ ಹೆಸರು ಮತ್ತು ತಾರೀಖು ಬರೆದ ಚೀಟಿ ಹಾಕಿ ಕಳಿಸಬೇಕು.