ಬತ್ತಿದ ಕೊಳವೆಬಾವಿಗೆ ಮುಚ್ಚಳವೊಂದೇ ಸಾಲದು
(ಉಪನ್ಯಾಸದ ಬರಹರೂಪ)



ನೀರು ಸಿಗದ ಕೊಳವೆಬಾವಿಯ ಬಾಯಿಗೆ ಕಲ್ಲುಚಪ್ಪಡಿ ಎಳೆದರೆ ಹೊಣೆ ಮುಗಿಯಿತೆಂಬ ಭಾವನೆ ನಾಡಿನಲ್ಲಿ ಬೇರೂರಿದೆ. ಇಂತಹ ಅಲಕ್ಷ್ಯಕ್ಕೆ ಮೊದಲು ಬೆಲೆ ತೆತ್ತವರು ಮಕ್ಕಳು. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಕೊಳವೆಬಾವಿಗೆ ಬಿದ್ದ ಬಾಲಕ ಬದುಕಿ ಬರಲಿಲ್ಲ. 2024ರಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಬಿದ್ದ ಕೂಸು ಬದುಕುಳಿದದ್ದು ಪುಣ್ಯ. ನಿರುಪಯುಕ್ತ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಸೂಚಿಸಿದೆ.

ಮಲೆನಾಡಿಗೆ ಇನ್ನೊಂದು ಅಪಾಯವಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಮಣ್ಣಿನ ಪದರಗಳಲ್ಲಿ ಸೋಸಿ ಇಳಿಯಬೇಕಾದ ಮಳೆನೀರು, ಕೊಟ್ಟಿಗೆಯ ತೊಳೆನೀರನ್ನೂ ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣವನ್ನೂ ಹೊತ್ತು ಈ ಕೊಳವೆಯ ಮೂಲಕ ನೇರವಾಗಿ ಬಂಡೆಯ ಬಿರುಕು ಸೇರುತ್ತದೆ. ಮೇಲ್ಪದರದ ನೀರೂ ಅದೇ ದಾರಿಯಲ್ಲಿ ಆಳಕ್ಕೆ ಜಾರಬಹುದು. ಆಗ ನೆರೆಮನೆಯ ತೆರೆದ ಬಾವಿ ಬೇಸಿಗೆಗೆ ಮುನ್ನವೇ ಸೊರಗುತ್ತದೆ. ಆದ್ದರಿಂದ ಕೊಳವೆಯನ್ನು ತುಂಬಿದರಷ್ಟೇ ಸಾಲದು, ನೀರು ನುಸುಳದಂತೆ ಬೆಸೆಯಬೇಕು. ಇದಕ್ಕೆ ಬಳಸುವ ಸಿಮೆಂಟಿನ ಬಗ್ಗಡವೇ ಗ್ರೌಟ್.

ಮೊದಲು ಪಂಪು, ಪೈಪು, ಕಸಕಡ್ಡಿಗಳನ್ನು ತೆಗೆಯಬೇಕು. ಸಾಧ್ಯವಾದರೆ ಕೇಸಿಂಗ್ ಪೈಪನ್ನೂ ಕೀಳಬೇಕು. ಇಲ್ಲವಾದರೆ ಅದರ ಹೊರಮೈಯ ಸಂದಿಯಲ್ಲಿ ನೀರು ಇಳಿಯುತ್ತಲೇ ಇರುತ್ತದೆ. ಆಳವಾದ ಬಾವಿಯ ಕೆಳಭಾಗಕ್ಕೆ ಶುದ್ಧ ಮರಳು, ಜಲ್ಲಿಯನ್ನು ನಿಧಾನವಾಗಿ ಸುರಿಯಬಹುದು. ಗಟ್ಟಿಬಂಡೆಯೊಳಗಿನ ಕೆಲವು ಮೀಟರುಗಳಿಂದ ಮೇಲಕ್ಕೆ ಗ್ರೌಟ್ ತುಂಬಬೇಕು.

50 ಕಿಲೋ ಸಿಮೆಂಟಿಗೆ ಸುಮಾರು 25 ಲೀಟರ್ ಶುದ್ಧ ನೀರು ಸಾಕು. ನೀರನ್ನು ಮೊದಲು ಡ್ರಮ್ಮಿಗೆ ಹಾಕಿ, ಸಿಮೆಂಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, ಗಂಟುಗಳಿಲ್ಲದಂತೆ ಕಲಕಬೇಕು. ಸಲೀಸಾಗಿ ಸುರಿಯಲೆಂದು ನೀರು ಹೆಚ್ಚಿಸಿದರೆ ಸಿಮೆಂಟು ತಳಕ್ಕಿಳಿದು ನೀರು ಮೇಲೆ ನಿಲ್ಲುತ್ತದೆ. ಒಣಗಿದ ಮೇಲೆ ಬಿರುಕು ಬಿಡುತ್ತದೆ. ಬೆಂಟೊನೈಟ್ ಜೇಡಿಯನ್ನು ಬೆರೆಸುವುದಾದರೆ ಅದನ್ನು ಮೊದಲೇ ನೀರಿನಲ್ಲಿ ಕದಡಿ ಉಬ್ಬಲು ಬಿಡಬೇಕು. ಆಗ ನೀರಿನ ಪ್ರಮಾಣವೂ ತುಸು ಹೆಚ್ಚಬೇಕಾಗುತ್ತದೆ. ಸಿಮೆಂಟು ಚರ್ಮವನ್ನು ಸುಡುವುದರಿಂದ ಕೈಗವಸು ಧರಿಸುವುದು ಅಗತ್ಯ.

ಲೆಕ್ಕ ಸರಳ. ಆರೂವರೆ ಇಂಚಿನ ಕೊಳವೆಯ ಒಂದು ಮೀಟರಿಗೆ 21 ಲೀಟರಿಗೂ ತುಸು ಹೆಚ್ಚು ಗ್ರೌಟ್ ಬೇಕು. ಒಂದು ಚೀಲದಿಂದ 41 ಲೀಟರಿನಷ್ಟು ದೊರೆಯುತ್ತದೆ. ಅಂದರೆ ಮೀಟರಿಗೆ ಅರ್ಧ ಚೀಲ. ಬಿರುಕುಗಳು ನುಂಗುವ ಪಾಲು ಬೇರೆ. ಇದನ್ನು ಮೇಲಿನಿಂದ ಸುರಿಯಲಾಗದು. ನಡುವೆ ಗಾಳಿಯೂ ನೀರೂ ಸಿಲುಕುತ್ತವೆ. ಪೈಪನ್ನು ಜಲ್ಲಿಯವರೆಗೆ ಇಳಿಸಿ, ಅದರ ತುದಿ ಸದಾ ಬಗ್ಗಡದಲ್ಲಿ ಮುಳುಗಿರುವಂತೆ ಮೇಲೆತ್ತುತ್ತ, ಕೆಳಗಿನಿಂದ ತುಂಬುತ್ತ ಬರಬೇಕು. ಮರುದಿನ ಕುಸಿದಿದ್ದರೆ ಮತ್ತೆ ತುಂಬಬೇಕು.

ಕೊರೆಸಲು ಲಕ್ಷ ವ್ಯಯಿಸಿದವರಿಗೆ ಮುಚ್ಚಲು ಹತ್ತಾರು ಚೀಲ ಸಿಮೆಂಟು ಭಾರವೆನಿಸುತ್ತದೆ. ಆದರೆ ಕೊರೆದ ನೆಲ ಒಬ್ಬರದಾದರೂ ಕೆಳಗಿನ ನೀರು ಊರಿನದು. ವಿದ್ಯಾರ್ಥಿಗಳು ತಮ್ಮ ಊರಿನ ಬತ್ತಿದ ಕೊಳವೆಬಾವಿಗಳನ್ನು ಎಣಿಸಿ ಗ್ರಾಮಸಭೆಯ ಮುಂದಿಡಲಿ. ಮಳೆಗಾಲಕ್ಕೆ ಮೊದಲು ಒಂದನ್ನಾದರೂ ಊರು ಕೂಡಿ ಮುಚ್ಚಲಿ.