ಕಾಲುವೆಯ ಬಾಳೆಗೆ ಗೊಬ್ಬರದ ಲೆಕ್ಕ

ಹೊಸಪೇಟೆಯಿಂದ ಕಡ್ಡಿರಾಂಪುರದ ಮಾರ್ಗವಾಗಿ ಹಂಪಿಗೆ ಹೋದವರಿಗೆಲ್ಲ ಈ ನೋಟ ಪರಿಚಿತವಾದುದೇ. ಎತ್ತ ನೋಡಿದರೂ ಬಿಸಿಲಿಗೆ ಕಾದ ಬಂಡೆಗಳ ಗುಡ್ಡ. ಅವುಗಳ ನಡುವೆ ಹಚ್ಚಗೆ ನಿಂತ ಬಾಳೆಯ ತೋಟ. ಮಳೆಯೊಂದನ್ನೇ ನಂಬಿದ್ದರೆ ಈ ಸೀಮೆಯಲ್ಲಿ ಜೋಳ ಸಜ್ಜೆಗಳ ಆಚೆಗೆ ಹೆಚ್ಚೇನೂ ಆಗುತ್ತಿರಲಿಲ್ಲ. ವಿಜಯನಗರದ ಅರಸರ ಕಾಲದಿಂದ ಬಂದ ರಾಯ, ಬಸವಣ್ಣ, ತುರ್ತು ಮೊದಲಾದ ಕಾಲುವೆಗಳು ಇಂದಿಗೂ ಹರಿಯುತ್ತಿರುವುದರಿಂದಲೇ ನಿಮ್ಮ ಮನೆಯ ತಟ್ಟೆಗೆ ಸುಗಂಧಿ, ಏಲಕ್ಕಿ ಬಾಳೆ ಬರುವುದು.

ಪಟ್ಟಣದಲ್ಲಿ ರೇಡಿಯೋ ಮುಂದೆ ಕುಳಿತ ನಮಗೆ ಗೊಬ್ಬರದ ಮಾತೇಕೆ ಎನ್ನಬೇಡಿ. ನಿಮ್ಮಲ್ಲಿ ಅನೇಕರಿಗೆ ಕಮಲಾಪುರದಲ್ಲೋ ಕಂಪ್ಲಿಯಲ್ಲೋ ಪಾಲಿಗೆ ಕೊಟ್ಟ ಒಂದೆರಡು ಎಕರೆ ಉಂಟು. ಅದೂ ಇಲ್ಲದವರ ಹಿತ್ತಿಲಲ್ಲಿ ಬಚ್ಚಲ ನೀರಿಗೆ ನಾಲ್ಕು ಬಾಳೆಯಾದರೂ ಇದ್ದೇ ಇರುತ್ತವೆ.

ಹಿಂದೆ ಹೊಳೆಯ ಕೆಂಪು ನೀರು ಕಾಲುವೆಯಲ್ಲಿ ಹರಿಯುವಾಗ ಗೋಡನ್ನೂ ತರುತ್ತಿತ್ತು. ಆ ಗೋಡು ಗದ್ದೆ ತೋಟಗಳಲ್ಲಿ ನಿಂತು ಅಷ್ಟಿಷ್ಟು ಗೊಬ್ಬರವಾಗುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಅದು ಬಹುಮಟ್ಟಿಗೆ ಜಲಾಶಯದ ತಳದಲ್ಲೇ ಉಳಿಯಿತು. ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಹೊಳೆ ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ರೈತ ಈಗ ಚೀಲದಲ್ಲಿ ಕೊಂಡು ತರಬೇಕಾಗಿದೆ.

ಬಾಳೆ ಹೊಟ್ಟೆಬಾಕ ಗಿಡ. ಅದರಲ್ಲಿಯೂ ಪೊಟ್ಯಾಷ್ ಅದಕ್ಕೆ ಬಲು ಪ್ರೀತಿ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಹೇಳುವ ಪ್ರಮಾಣ ಗಿಡವೊಂದಕ್ಕೆ 180 ಗ್ರಾಂ ಸಾರಜನಕ, 108 ಗ್ರಾಂ ರಂಜಕ, 225 ಗ್ರಾಂ ಪೊಟ್ಯಾಷ್. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 390 ಗ್ರಾಂ ಯೂರಿಯಾ, 675 ಗ್ರಾಂ ಸೂಪರ್ ಫಾಸ್ಫೇಟು, 375 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಷ್. ಸಾವಿರ ಗಿಡದ ತೋಟಕ್ಕೆ 45 ಕಿಲೋ ಚೀಲದ ಯೂರಿಯಾ ಒಂದೇ ಎಂಟೂವರೆ ಚೀಲ ಮೀರುತ್ತದೆ. ಕೊಟ್ಟಿಗೆ ಗೊಬ್ಬರ ಇದಕ್ಕೆ ಹೊರತು. ಇಷ್ಟು ಹಣ ಸುರಿದ ಮೇಲೆ ಅದು ಬೇರಿಗೆ ಸಿಕ್ಕಿತೋ ನೀರಿನೊಡನೆ ಹೋಯಿತೋ ಎಂದು ನೋಡಬೇಡವೇ?

ರಂಜಕ ಮಣ್ಣಿನಲ್ಲಿ ಹೆಚ್ಚು ಚಲಿಸುವುದಿಲ್ಲ. ಅದನ್ನು ನೆಡುವಾಗಲೇ ಕೊಟ್ಟಿಗೆ ಗೊಬ್ಬರದೊಡನೆ ಗುಣಿಗೆ ಹಾಕಿದರೆ ಮುಗಿಯಿತು. ಯೂರಿಯಾದ ಸ್ವಭಾವ ಬೇರೆ. ಬಿಸಿ ನೆಲದ ಮೇಲೆ ಬಿಟ್ಟರೆ ಗಾಳಿಗೆ ಹಾರುತ್ತದೆ. ಹಾಕಿದ ದಿನವೇ ಮಡಿ ತುಂಬ ನೀರು ಕಟ್ಟಿದರೆ ಬೇರು ದಾಟಿ ಕೆಳಗಿಳಿಯುತ್ತದೆ. ಆದುದರಿಂದ ಯೂರಿಯಾ, ಪೊಟ್ಯಾಷ್‌ಗಳನ್ನು ಮೂರು ನಾಲ್ಕು ಕಂತು ಮಾಡಿ, ಬುಡಕ್ಕೆ ತಗಲದಂತೆ ಒಂದಡಿ ಒಂದೂವರೆ ಅಡಿ ದೂರದಲ್ಲಿ ಸುತ್ತಲೂ ಹಾಕಿ, ಮಣ್ಣು ಮುಚ್ಚಿ, ತೆಳುವಾಗಿ ನೀರು ಹಾಯಿಸಬೇಕು. ಬಾಳೆಯ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಆಳವಾಗಿ ಅಗೆಯುವುದು ಸಲ್ಲದು.

ಕಾಲವೂ ಮುಖ್ಯ. ಗೊನೆ ಕಣ್ಣಿಗೆ ಕಾಣುವುದಕ್ಕೆ ಎಷ್ಟೋ ಮೊದಲೇ, ದಿಂಡಿನ ಒಳಗೆ, ಚಿಪ್ಪು ಎಷ್ಟು ಎಂಬುದು ನಿಶ್ಚಯವಾಗಿ ಹೋಗಿರುತ್ತದೆ. ಗೊನೆ ಹೊರಟಿತೆಂದು ಸಂತೋಷದಿಂದ ಬುಟ್ಟಿಗಟ್ಟಲೆ ಗೊಬ್ಬರ ಸುರಿದರೆ ಕಾಯಿ ಅಷ್ಟಿಷ್ಟು ದಪ್ಪವಾದೀತು, ಚಿಪ್ಪು ಒಂದೂ ಹೆಚ್ಚದು. ಕೊಡುವುದನ್ನು ಮೊದಲ ಐದಾರು ತಿಂಗಳಲ್ಲೇ ಬಹುಮಟ್ಟಿಗೆ ಕೊಟ್ಟು ಮುಗಿಸಬೇಕು.

ಇನ್ನು ನನಗೆ ಹೆಚ್ಚು ಚಿಂತೆಯ ವಿಷಯ. ಹಳೆಯ ಎಲೆಯ ಅಂಚು ಒಣಗಿತೆಂದರೆ ಪೊಟ್ಯಾಷ್ ಕಡಮೆಯಾಯಿತೆಂದು ರೈತ ಇನ್ನೊಂದು ಚೀಲ ತರುತ್ತಾನೆ. ಆದರೆ ನೆಲದಲ್ಲಿ ಉಪ್ಪು ಏರಿದರೂ ಎಲೆಯ ಅಂಚು ಹೀಗೆಯೇ ಸುಡುತ್ತದೆ. ನೀರು ಅತಿಯಾಗಿ ಕಟ್ಟಿ, ಬಸಿಗಾಲುವೆ ಇಲ್ಲದೆ ಹೋದಾಗ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಹೀಗೆ ಚೌಳಾಗಿ ಕೆಟ್ಟ ಭೂಮಿ ಸ್ವಲ್ಪವಲ್ಲ. ಅಂಥ ನೆಲಕ್ಕೆ ಮ್ಯುರಿಯೇಟ್ ಹಾಕಿದರೆ ಉಪ್ಪಿಗೆ ಉಪ್ಪು ಸೇರಿಸಿದಂತೆ. ಪೊಟ್ಯಾಷ್ ಕಡಮೆಯಾದಾಗ ಹಳೆಯ ಎಲೆ ಮೊದಲು ಕಿತ್ತಳೆ ಹಳದಿಗೆ ತಿರುಗಿ, ಬೇಗ ಒಣಗಿ ಮಡಿಚಿ ಬೀಳುತ್ತದೆ. ಉಪ್ಪಿನದಾದರೆ ಮಡಿಯ ದಿಣ್ಣೆಯ ಮೇಲೆ ಬಿಳಿಯ ಹೊರಪು ಕಾಣುವುದುಂಟು. ಸಂಶಯವಿದ್ದರೆ ಚೀಲ ತರುವ ಮೊದಲು ಮಣ್ಣು ಪರೀಕ್ಷೆಗೆ ಕೊಡಿ. ಉಪ್ಪು ಹೌದೆಂದು ತಿಳಿದರೆ ಮೊದಲು ನೀರು ಬಸಿದುಹೋಗಲು ದಾರಿ ಮಾಡಿ, ಆ ಮೇಲೆ ಸಲ್ಫೇಟ್ ಆಫ್ ಪೊಟ್ಯಾಷ್ ಆರಿಸಬಹುದು; ಬೆಲೆ ಮಾತ್ರ ಹೆಚ್ಚು.

ಹಿತ್ತಿಲ ಬಾಳೆಯದೂ ಇದೇ ಕಥೆ. ಸೋಪಿನ ನೀರು, ಒಲೆಯ ಬೂದಿ ಎರಡೂ ಕ್ಷಾರ. ಬಟ್ಟೆ ಒಗೆದ ನೀರನ್ನು ಬೇರೆ ಕಡೆ ತಿರುಗಿಸಿ, ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಬಾಳೆಗೆ ಹಾಕಿ. ಗೊನೆ ಕಡಿದ ಮೇಲೆ ದಿಂಡು ಎಲೆಗಳನ್ನು ಬೀದಿಗೆ ಎಸೆಯಬೇಡಿ. ಪಲ್ಯಕ್ಕೆ ಬೇಕಾದಷ್ಟು ದಿಂಡನ್ನು ತೆಗೆದುಕೊಂಡು, ಮಿಕ್ಕುದನ್ನು ಕೊಚ್ಚಿ ಅದೇ ಬುಡಕ್ಕೆ ಹಾಕಿ. ನೀವು ಕೊಂಡ ಪೊಟ್ಯಾಷ್‌ನಲ್ಲಿ ಒಳ್ಳೆಯ ಪಾಲು ಅದರಲ್ಲೇ ಇದೆ.

2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋಗಿ ನೀರು ಹೊಳೆಗೆ ಹರಿದಾಗ ಈ ಸೀಮೆಯ ರೈತರು ಪಟ್ಟ ಆತಂಕ ನಿಮಗೆ ನೆನಪಿರಬಹುದು. ಬೇಸಗೆಯಲ್ಲಿ ಕಾಲುವೆ ಕಟ್ಟುವ ದಿನಗಳೂ ಉಂಟು. ನೀರು ಯಾವಾಗ ನಿಲ್ಲುವುದೆಂದು ವಿಚಾರಿಸಿಕೊಂಡು, ಕೊನೆಯ ಕಂತನ್ನು ಅದಕ್ಕೆ ಎರಡು ಮೂರು ವಾರ ಮುಂಚೆಯೇ ಹಾಕಿಸಿ. ಒಣನೆಲದಲ್ಲಿ ಯೂರಿಯಾ ಬೇಡ.