ಬ್ಯಾಲಿಬ್ರೋಫಿ: ಹಳಿ ಕವಲೊಡೆದ ಊರು



ಐರ್ಲೆಂಡಿನ ಲೀಶ್ ಜಿಲ್ಲೆಯಲ್ಲಿ ಬ್ಯಾಲಿಬ್ರೋಫಿ ಎಂಬ ಪುಟ್ಟ ಗ್ರಾಮವೊಂದಿದೆ. ಬ್ರೋಫಿ ಮನೆತನದವರ ಊರು ಎಂಬುದು ಆ ಹೆಸರಿನ ಅರ್ಥ. ರಾಜಧಾನಿ ಡಬ್ಲಿನ್‌ನಿಂದ ಕಾರ್ಕ್ ಬಂದರಿಗೆ ಹೋಗುವ ಮುಖ್ಯ ರೈಲುಮಾರ್ಗದಲ್ಲಿ, ಡಬ್ಲಿನ್‌ನಿಂದ ಸುಮಾರು 107 ಕಿ.ಮೀ. ದೂರದಲ್ಲಿರುವ ಈ ಊರಿನಲ್ಲಿಯೇ ಲಿಮರಿಕ್ ನಗರದತ್ತ ಹಳಿಯೊಂದು ಕವಲೊಡೆಯುತ್ತದೆ. ಮುಖ್ಯಮಾರ್ಗವು ರಾಸ್‌ಕ್ರೇ ಮತ್ತು ಪಾರ್ಸನ್ಸ್‌ಟೌನ್ ಪಟ್ಟಣಗಳನ್ನು ಪಶ್ಚಿಮಕ್ಕೆ ಬಿಟ್ಟು ಸಾಗಿತ್ತು. ಆದರೂ 1847ರ ಸೆಪ್ಟೆಂಬರಿನಲ್ಲಿ ನಿಲ್ದಾಣ ತೆರೆದಾಗ ಅದಕ್ಕಿಟ್ಟದ್ದು ಆ ಎರಡು ಪಟ್ಟಣಗಳ ಹೆಸರನ್ನೇ. ನೆಲ ಕೊಟ್ಟ ಊರಿನ ಹೆಸರು ಫಲಕವೇರಲು 1871ರವರೆಗೆ ಕಾಯಬೇಕಾಯಿತು.

1847 ಐರ್ಲೆಂಡಿನ ಮಹಾಕ್ಷಾಮದ ಅತ್ಯಂತ ಕರಾಳ ವರ್ಷ. 1845 ಮತ್ತು 1846ರಲ್ಲಿ ಅಂಗಮಾರಿ ರೋಗವು ಆಲೂಗಡ್ಡೆ ಬೆಳೆಯನ್ನು ನೆಲದಲ್ಲಿಯೇ ಕೊಳೆಸಿತ್ತು. 1847ರಲ್ಲಿ ರೋಗದ ಕಾಟ ಕಡಿಮೆಯಿದ್ದರೂ ಬಿತ್ತಲು ಗಡ್ಡೆಯೇ ಉಳಿದಿರಲಿಲ್ಲ. ಆ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿ ಫೈಟೋಫ್ತೊರಾ ಕುಲದ್ದು. ಮಲೆನಾಡಿನ ಅಡಿಕೆ ತೋಟಗಳ ಕೊಳೆರೋಗವೂ ಅದೇ ಕುಲದ ಸಂತತಿ. ಇಲ್ಲಿನ ಬೆಳೆಗಾರನಿಗೆ ಮಳೆಗಾಲಕ್ಕೆ ಮೊದಲು ಸಿಂಪಡಿಸಲು ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವಿದೆ. ಅದು ಫ್ರಾನ್ಸಿನಲ್ಲಿ ರೂಪುಗೊಂಡದ್ದು 1880ರ ದಶಕದಲ್ಲಿ. ಲೀಶ್‌ನ ರೈತನಿಗೆ ಆಗ ಅಂಥ ಯಾವ ಆಸರೆಯೂ ಇರಲಿಲ್ಲ. 1841ರಲ್ಲಿ ಒಂದೂವರೆ ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1851ರ ವೇಳೆಗೆ ಸುಮಾರು 1.1 ಲಕ್ಷಕ್ಕೆ ಇಳಿಯಿತು. ರೈಲು ಬಂದಿತು ನಿಜ. ಆದರೆ ಧಾನ್ಯ ಕೊಳ್ಳಲು ಕೈಯಲ್ಲಿ ಕಾಸಿಲ್ಲದವನ ಒಲೆಯನ್ನು ಹಳಿಗಳು ಹೊತ್ತಿಸಲಾರವು.

ಕವಲುಹಳಿ 1857ರಲ್ಲಿ ರಾಸ್‌ಕ್ರೇಯನ್ನೂ ಮರುವರ್ಷ ಪಾರ್ಸನ್ಸ್‌ಟೌನನ್ನೂ ಮುಟ್ಟಿತು. ಇಂದು ಬರ್ ಎಂದು ಕರೆಯಲ್ಪಡುವ ಈ ಪಟ್ಟಣದ ಕೋಟೆಯ ಅಂಗಳದಲ್ಲಿ ಆಗ ಜಗತ್ತಿನಲ್ಲಿಯೇ ದೊಡ್ಡದಾದ ದೂರದರ್ಶಕವಿದ್ದಿತು. ಅಲ್ಲಿಂದ ಶ್ಯಾನನ್ ನದಿಯ ಪೋರ್ಟಮ್ನಾ ಸೇತುವೆಯವರೆಗೆ ಸುಮಾರು 19 ಕಿ.ಮೀ. ಮಾರ್ಗವನ್ನು 1868ರಲ್ಲಿ ತೆರೆದರು. ಹತ್ತು ವರ್ಷಗಳ ಗುತ್ತಿಗೆ ಮುಗಿದೊಡನೆ, 1878ರ ಕೊನೆಗೆ, ದೊಡ್ಡ ರೈಲು ಕಂಪನಿಯು ಗಾಡಿ ಓಡಿಸುವುದನ್ನು ನಿಲ್ಲಿಸಿತು. ನಡೆಸಲು ಬೇರಾರೂ ಮುಂದೆ ಬರಲಿಲ್ಲ. ವಾರಸುದಾರರಿಲ್ಲದ ಹಳಿಗಳು, ದಿಮ್ಮಿಗಳು, ನಿಲ್ದಾಣದ ಸಾಮಗ್ರಿಗಳು ಒಂದೊಂದಾಗಿ ಕಣ್ಮರೆಯಾದವು. ಜನ ಅದನ್ನು ‘ಕದ್ದ ರೈಲುಮಾರ್ಗ’ ಎಂದೇ ಕರೆದರು. ಕದ್ದವರನ್ನು ಜರೆಯುವುದು ಸುಲಭ. ಮೊದಲು ಕೈಬಿಟ್ಟವರು ಯಾರೆಂದು ಕೇಳುವವರು ಕಡಿಮೆ.

1963ರಲ್ಲಿ ಬರ್ ಪಟ್ಟಣದ ಹಳಿಯೂ ಮುಚ್ಚಿತು. ಉಳಿದುದು ರಾಸ್‌ಕ್ರೇ, ನೀನಾ ಮೂಲಕ ಲಿಮರಿಕ್‌ಗೆ ಹೋಗುವ ಸುಮಾರು 92 ಕಿ.ಮೀ.ಗಳ ಒಂಟಿ ಹಳಿ. ಅದರ ಮೇಲೆ ದೀರ್ಘಕಾಲ ದಿನಕ್ಕೆ ಎರಡೇ ಗಾಡಿಗಳು ಹೋಗಿಬಂದವು, ಅದೂ ಮಂದಗತಿಯಲ್ಲಿ. ಗಾಡಿ ವಿರಳವಾದ್ದರಿಂದ ಜನ ಹತ್ತುವುದಿಲ್ಲ. ಜನ ಹತ್ತುವುದಿಲ್ಲವಾದ್ದರಿಂದ ಗಾಡಿ ಹೆಚ್ಚಿಸುವುದಿಲ್ಲ. ಕೊನೆಗೆ ಖಾಲಿ ಆಸನಗಳನ್ನು ಎಣಿಸಿ, ಮಾರ್ಗ ನಿರುಪಯುಕ್ತವೆಂದು ಷರಾ ಬರೆಯಲಾಗುತ್ತದೆ. ಬಸ್ಸು ಕಳೆದುಕೊಂಡ ಯಾವ ಹಳ್ಳಿಗೂ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐರ್ಲೆಂಡಿನ ಸಾರಿಗೆ ಪ್ರಾಧಿಕಾರ ಮತ್ತು ರೈಲ್ವೆ ಸಂಸ್ಥೆ 2016ರಲ್ಲಿ ಹೊರತಂದ ಪರಾಮರ್ಶೆಯು, ಮುಚ್ಚಿದರೆ ಹಣ ಉಳಿಯಬಹುದಾದ ಮಾರ್ಗಗಳಲ್ಲಿ ಇದನ್ನೂ ಹೆಸರಿಸಿತು. ಸ್ಥಳೀಯರು ವಿರೋಧಿಸಿದರು, ಮಾರ್ಗ ಮುಚ್ಚಲಿಲ್ಲ. ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವ ಗುರಿಯನ್ನೂ ಹೊತ್ತು 2024ರಲ್ಲಿ ಬಂದ ಇಡೀ ದ್ವೀಪದ ರೈಲು ಯೋಜನಾ ವರದಿಯ ಧಾಟಿಯೇ ಬೇರೆ: ರೈಲು ಜಾಲವನ್ನು ವಿಸ್ತರಿಸಬೇಕು, ಬ್ಯಾಲಿಬ್ರೋಫಿಯ ಮೂಲಕ ಹಾದುಹೋಗುವ ಡಬ್ಲಿನ್–ಕಾರ್ಕ್ ಮಾರ್ಗವನ್ನು ವಿದ್ಯುದೀಕರಿಸಬೇಕು ಎಂದು ಅದು ಹೇಳಿತು.

ಬರ್ ಪಟ್ಟಣದವರು ಮಾತ್ರ ರೈಲು ಹಿಡಿಯಲು ಇಂದಿಗೂ ರಸ್ತೆಯಲ್ಲಿಯೇ ಬೇರೆ ಊರಿಗೆ ಹೋಗುತ್ತಾರೆ.